ಕೌದಿ ಹೊಲಿಸುವ ಮುಂಚೆ ಟ್ರಂಕು ತೆರೆಯಿರಿ: ಮನೆಬಾಗಿಲಿನ ಕೈಹೊಲಿಗೆ, ಟೇಲರ್ ಮಷೀನು, ಅಂಗಡಿಯ ರೆಡಿಮೇಡು

ಹಳೆ ಅರಿವೆ (ಬಟ್ಟೆ) ಪದರು ಪದರಾಗಿ ಹಾಸಿ ಹೊಲಿದ ಹೊದಿಕೆಯೇ ಕೌದಿ. ಅದನ್ನು ಹೊಲಿಯುವವರು ಓಣಿಗೆ ಬಂದ ದಿನ ಬಾಗಲಕೋಟೆ, ವಿಜಯಪುರ ಕಡೆಯ ಮನೆಗಳಲ್ಲಿ ಆಗುವ ಮೊದಲ ತಪ್ಪು ಒಂದೇ: ಇದ್ದಬದ್ದ ಹಳೆ ಅರಿವೆಯನ್ನೆಲ್ಲ ಒಂದು ಗಂಟು ಕಟ್ಟಿ ತಂದು ಅವರ ಮುಂದೆ ಸುರಿಯುವುದು. ಟೆರಿಕಾಟ್ ಪ್ಯಾಂಟು, ನೈಲಾನ್ ಸೀರೆ, ಜರಿ ಕಪ್ಪಾದ ರೇಷ್ಮೆ, ಅಜ್ಜಿಯ ಇಳಕಲ್ಲ ಪತ್ತಲ (ಸೀರೆ), ಮಗುವಿನ ಕುಂಚಿಗಿ (ಬೆನ್ನಿಗೆ ಇಳಿಬಿದ್ದ ಟೊಪ್ಪಿಗೆ), ಎಲ್ಲ ಒಂದೇ ರಾಶಿ. ಹೊಲಿಯುವಾಕೆ ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು ಪದರು ಹಾಸುತ್ತಾಳೆ. ಮುಂದಿನ ಮಳೆಗಾಲದ ಹೊತ್ತಿಗೆ ಕೌದಿಯ ಹೊಟ್ಟೆಯಲ್ಲಿ ಗಂಟುಗಂಟಾಗಿ ಅರಿವೆ ಸರಿದಿರುತ್ತದೆ, ಕುತ್ತಿಗೆ ಕಡೆಯ ಅಂಚು ಪಿಸಿದಿರುತ್ತದೆ, ಬೈಗುಳ ಹೊಲಿದವಳಿಗೆ ಹೋಗುತ್ತದೆ. ಬಹುತೇಕ ಸಲ ಕೆಟ್ಟಿದ್ದು ಹೊಲಿಗೆ ಅಲ್ಲ, ಆಯ್ಕೆ.

ಕೌದಿ ಎಂದರೆ ಹಳೆ ಅರಿವೆ ಖಾಲಿ ಮಾಡುವ ಉಪಾಯ ಎಂದುಕೊಂಡವರಿಗೆ ಈ ಬರಹದಲ್ಲಿ ಹೆಚ್ಚೇನೂ ಸಿಗದು. ಲಗ್ನದ ಸೀರೆ, ಕುಬಸದ (ಸೀಮಂತದ) ಹಸಿರು ಸೀರೆ, ತೊಟ್ಟಿಲಿಗೆ ಹಾಸಿದ ಧೋತರ, ಅಪ್ಪ ನಿವೃತ್ತಿಯಾದ ದಿನ ಸುತ್ತಿಕೊಂಡಿದ್ದ ಪಟಗ (ಪೇಟ), ಇವನ್ನು ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿ ಕಾಯುವ ಬದಲು ಮೈಮೇಲೆ ಹೊದ್ದು ಮಲಗಬೇಕು ಅನ್ನುವವರಿಗೆ ಕೈಹೊಲಿಗೆಯ ಕೌದಿಗಿಂತ ಒಳ್ಳೆಯ ದಾರಿ ನಮ್ಮ ಸೀಮೆಯಲ್ಲಿ ಇಲ್ಲ. ಒಂದೇ ಷರತ್ತು: ಯಾವ ಅರಿವೆ ಎಲ್ಲಿ ಕೂರಬೇಕು ಎಂಬುದನ್ನು ಹೊಲಿಯುವವರಿಗೆ ಬಿಡದೆ ಮನೆಯವರೇ ತೀರ್ಮಾನಿಸಿರಬೇಕು.

ಈ ಸೇವೆ ನಡೆಯುವ ಬಗೆ ಹೀಗೆ. ಅರಿವೆ ನಿಮ್ಮದು, ಬಹಳ ಕಡೆ ದಾರವೂ ನಿಮ್ಮದೇ, ಹಾಸಿ ಹೊಲಿಯಲು ಪಡಸಾಲೆಯೋ ಅಂಗಳವೋ ನಿಮ್ಮದು; ಸೂಜಿ, ಕೈ, ಕಣ್ಣಳತೆ ಅವರದು. ಇಬ್ಬರು ಹೆಂಗಸರು ಎದುರಾಬದುರು ಕೂತು ಎರಡು ಕಡೆಯಿಂದ ಸಾಲು ಹಾಕುತ್ತ ಬರುತ್ತಾರೆ. ಮಧ್ಯಾಹ್ನದ ರೊಟ್ಟಿ, ಚಹಾ ಮನೆಯವರದು ಎಂಬುದು ಮಾತಾಡದೆಯೇ ಇರುವ ಕರಾರು. ಸುಗ್ಗಿ ಮುಗಿದ ಮೇಲೆ ಮಳೆ ಹಿಡಿಯುವವರೆಗೆ, ಅಂದರೆ ಫೆಬ್ರವರಿಯಿಂದ ಮೇ ತನಕ ಒಳ್ಳೆಯ ಕಾಲ. ನೆಲ ಒಣಗಿರುತ್ತದೆ, ತೊಳೆದ ಅರಿವೆ ಅರ್ಧ ದಿನದಲ್ಲಿ ಒಣಗುತ್ತದೆ. ಬೆಳಗಾವಿ ಕಡೆ ಜೂನ್ ದಾಟಿದ ಮೇಲೆ ಹೊಲಿಸಲೇಬಾರದು. ಐದು ಪದರಿನ ನಡುವೆ ಉಳಿದ ಹಸಿ ಹೊರಗೆ ಬರಲು ದಾರಿಯೇ ಇಲ್ಲ. ಒಂದು ತಿಂಗಳಿಗೆ ಮುಗ್ಗಲು ವಾಸನೆ, ಮೂರು ತಿಂಗಳಿಗೆ ಕಪ್ಪು ಚುಕ್ಕೆ.

ಈಗ ಟ್ರಂಕಿನ ವಿಷಯ.

ಮೊದಲು ಎಲ್ಲವನ್ನೂ ತೊಳೆಯಿರಿ, ಇಪ್ಪತ್ತು ವರ್ಷ ಮಡಿಚಿಟ್ಟ ಹೊಸ ಸೀರೆಯನ್ನೂ. ಹತ್ತಿ ಮೊದಲ ನೀರಿಗೆ ಕುಗ್ಗುತ್ತದೆ, ರೇಷ್ಮೆ ಬೇರೆ ಲೆಕ್ಕದಲ್ಲಿ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗುವುದೇ ಇಲ್ಲ. ಮೂರನ್ನೂ ತೊಳೆಯದೆ ಒಂದೇ ಹೊಲಿಗೆಯಲ್ಲಿ ಕಟ್ಟಿದರೆ ಮೊದಲ ಸಲ ನೀರಿಗೆ ಹಾಕಿದಾಗ ಒಂದು ಪದರು ಎಳೆದುಕೊಂಡು ಇನ್ನೊಂದು ಉಬ್ಬುತ್ತದೆ. ಕೌದಿಯ ಮೈ ಹಪ್ಪಳದ ಹಾಗೆ ಗುಳ್ಳೆ ಏಳುವುದು ಇದೇ ಕಾರಣಕ್ಕೆ.

ಆಮೇಲೆ ಬಣ್ಣದ ಪರೀಕ್ಷೆ. ಅರಿವೆಯ ಒಂದು ಮೂಲೆಯನ್ನು ಬಿಸಿನೀರಲ್ಲಿ ನೆನೆಸಿ, ಬಿಳಿ ಧೋತರದ ತುಂಡಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ಕೆಂಪು, ದಾಳಿಂಬೆ ಬಣ್ಣ, ಕಡುನೀಲಿ, ಇವು ಹೆಚ್ಚು ಬಿಡುವಂಥವು. ಬಿಟ್ಟರೆ ಎಸೆಯಬೇಕಾಗಿಲ್ಲ, ನೀರು ತಿಳಿಯಾಗುವ ತನಕ ಮೂರು ನಾಲ್ಕು ಸಲ ಬೇರೆಯಾಗಿ ತೊಳೆದು ಒಣಗಿಸಿ. ಆಗಲೂ ಬಿಡುತ್ತಿದ್ದರೆ ಗಾಢ ಬಣ್ಣದ ನೆರೆಯಲ್ಲೇ ಕೂರಿಸಿ, ಬಿಳಿಯ ಪಕ್ಕ ಬೇಡ.

ಹತ್ತಿಯೋ ನೈಲಾನೋ ಎಂಬ ಅನುಮಾನ ಬಂದರೆ ನಾಲ್ಕು ಎಳೆ ಕಿತ್ತು ಕಡ್ಡಿ ಗೀರಿ. ಹತ್ತಿ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಬಿಡುತ್ತದೆ, ಕೊನೆಯಲ್ಲಿ ಉಳಿದ ಕಪ್ಪು ಕಾಳು ಬೆರಳಲ್ಲಿ ಪುಡಿಯಾಗುತ್ತದೆ. ನೈಲಾನ್, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ, ಪುಡಿಯಾಗದು. ಗಟ್ಟಿ ಗುಂಡಾದದ್ದನ್ನೆಲ್ಲ ಬದಿಗಿಡಿ. ನೈಲಾನ್ ಸೀರೆ ಒಳಪದರಿಗೆ ಹೋದರೆ ಎರಡು ಗುಣ ತರುತ್ತದೆ, ಎರಡೂ ಕೆಟ್ಟವು: ಜಾರುತ್ತದೆ, ಆದ್ದರಿಂದ ಟಾಕಿ (ಹೊಲಿಗೆ) ಹಿಡಿದ ಮೇಲೂ ಪದರು ಒಳಗೇ ಸರಿಯುತ್ತದೆ, ಬೆವರು ಹೀರುವುದಿಲ್ಲ, ಆದ್ದರಿಂದ ವಿಜಯಪುರದ ಏಪ್ರಿಲ್ ರಾತ್ರಿಯಲ್ಲಿ ಮೈಗೆ ಅಂಟುತ್ತದೆ. ಆ ಸೀರೆಗೇ ನೆನಪು ಅಂಟಿದೆ, ಮೊದಲ ಸಂಬಳದಲ್ಲಿ ತಂದದ್ದು, ಬಿಡಲಾಗದು ಎಂದರೆ ಅಂಗೈ ಅಗಲದ ಒಂದು ಚೌಕ ಕತ್ತರಿಸಿ ಮೇಲ್ಪದರಿನ ನಡುವೆ ತ್ಯಾಪಿ (ತೇಪೆ) ಹಚ್ಚಿಸಿ. ಅಷ್ಟು ಸಾಕು.

ಮುಖ್ಯ ಪರೀಕ್ಷೆ ಜೀವದ್ದು. ಎರಡೂ ಹೆಬ್ಬೆರಳು ಪಕ್ಕಪಕ್ಕ ಇಟ್ಟು ಅರಿವೆಯನ್ನು ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಜಗ್ಗಿ. ಪಿರ್‍ರೆಂದು ಹರಿದರೆ ಆ ಭಾಗಕ್ಕೆ ಜೀವ ಮುಗಿದಿದೆ. ಆದರೆ ಇಡೀ ಸೀರೆ ಒಂದೇ ವಯಸ್ಸಿನದಲ್ಲ ಎಂಬುದು ನೆನಪಿರಲಿ. ಸೊಂಟಕ್ಕೆ ಮೊದಲ ಸುತ್ತು ಬರುವ ಒಳಗಿನ ಒಂದು ಗಜ ಬಿಸಿಲು ಕಂಡಿರುವುದೇ ಇಲ್ಲ. ಮೂವತ್ತು ವರ್ಷದ ಹಸಿರು ಸೀರೆಯನ್ನು ನೆಲಕ್ಕೆ ಪೂರ್ತಿ ಹಾಸಿ ನೋಡಿ: ಹೆಗಲ ಮೇಲೆ ಬಂದ ಕಡೆ ಒಣಗಿದ ಹುಲ್ಲಿನ ಬಣ್ಣ, ಒಳಗಿನ ಸುತ್ತಿನಲ್ಲಿ ಅಂಗಡಿಯಲ್ಲಿ ಮಡಿಕೆ ಬಿಚ್ಚಿದ ದಿನದ ಗಿಳಿಹಸಿರು, ನಿರಿಗೆಯ ತಳದಲ್ಲಿ ನೆಲ ಒರೆಸಿ ಒರೆಸಿ ನೂಲು ಬಿಟ್ಟ ಅಂಚು. ಒಂದೇ ಸೀರೆಯಲ್ಲಿ ಮೂರು ಕಾಲ. ಒಳಗಿನ ಗಜವನ್ನು ಮೇಲ್ಪದರಿಗೆ ಎತ್ತಿಡಿ, ಹೆಗಲಿನ ಭಾಗವನ್ನು ಒಳಪದರಿಗೆ ಹಾಕಿ, ತಳದ ನಾಲ್ಕು ಬೆರಳಗಲ ಕತ್ತರಿಸಿ ಮಸಿ ಅರಿವೆಗೆ ಬಿಡಿ.

ಇಳಕಲ್ಲ ಸೀರೆಗೆ ಪ್ರತ್ಯೇಕ ಎಚ್ಚರ ಬೇಕು. ಅದರ ಮೈಯ ಹಾಸು (ಉದ್ದದ ನೂಲು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಕೂಡಿಸಿ ನೇಯ್ದಿರುತ್ತಾರೆ. ಮೈ ಹತ್ತಿಯದಾಗಿದ್ದು ಟೋಪ್ ತೆನಿ ಎಂಬ ವಿನ್ಯಾಸದ ಸೆರಗು ರೇಷ್ಮೆಯದೋ ಕೃತಕ ರೇಷ್ಮೆಯದೋ ಆಗಿದ್ದರೆ ಎರಡರ ಕುಗ್ಗುವಿಕೆ, ಬಾಳಿಕೆ ಒಂದೇ ಅಲ್ಲ. ಆದ್ದರಿಂದ ಕೊಂಡಿಯ ಗೆರೆಗೆ ಸರಿಯಾಗಿ ಕತ್ತರಿಸಿ ಸೆರಗನ್ನು ಬೇರೆ ತೆಗೆಯಿರಿ. ಕೆಂಪಿನ ನಡುವೆ ಬಿಳಿಯ ಹಲ್ಲು ಮೂಡಿದ ಆ ಸೆರಗೇ ಕೌದಿಯ ನಡುಚೌಕಕ್ಕೆ ಹೇಳಿ ಮಾಡಿಸಿದ್ದು. ಗುಳೇದಗುಡ್ಡ ಖಣದ (ರವಿಕೆ ಅರಿವೆಯ) ಕುಬಸಗಳು, ಅಂದರೆ ರವಿಕೆಗಳು, ಚಿಕ್ಕವು, ಕಂಕುಳಲ್ಲಿ ಬೆವರು ತಿಂದು ಸತ್ತಿರುತ್ತವೆ. ಬೆನ್ನಿನ ಭಾಗ ಮಾತ್ರ ಗಟ್ಟಿ. ಬೆನ್ನಿನಿಂದ ಅಂಗೈಯಗಲದ ತ್ರಿಕೋನ ಎರಡು ಮೂರು ಸಿಗುತ್ತವೆ, ಮೂಲೆಗಳಿಗೆ ಒಪ್ಪುತ್ತವೆ.

ಜರಿ ಕಿತ್ತುಬಿಡಿ. ಜರಿ ಮೈಗೆ ಚುಚ್ಚುತ್ತದೆ, ತೊಳೆದಷ್ಟೂ ಕಪ್ಪಾಗುತ್ತದೆ, ಪಕ್ಕದ ಹತ್ತಿಯನ್ನು ಉಜ್ಜಿ ಕತ್ತರಿಸುತ್ತದೆ. ಲಗ್ನದ ಸೀರೆಯ ಜರಿ ಅಂಚನ್ನು ಹಾಗೇ ಇಡಬೇಕೆಂಬ ಆಸೆ ಬಹಳ ಜನರಿಗೆ. ಆ ಅಂಚನ್ನು ದೇವರ ಜಗಲಿಗೆ ಹಾಸಿ, ಕೌದಿಗೆ ಬೇಡ.

ಲಗ್ನದ ಅರಿಷಿಣ ಸೀರೆಯ ಕಲೆಯ ಬಗ್ಗೆ ಒಂದು ಮಾತು. ಅರಿಷಿಣಕ್ಕೆ ಸಾಬೂನು ತಾಗಿದರೆ ಕೆಂಪಾಗುತ್ತದೆ, ಹೆದರಬೇಡಿ, ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಕಲೆ ಹೋಗಬೇಕೆಂದರೆ ಬಿಸಿಲಲ್ಲಿ ಒಣಹಾಕಿ, ಉಳಿಯಬೇಕೆಂದರೆ ನೆರಳಲ್ಲಿ. ಉಳಿಸಿಕೊಂಡರೂ ಕೌದಿಯಾದ ಮೇಲೆ ಬಿಸಿಲಿಗೆ ಹಾಕಲೇಬೇಕು, ಕೆಲವೇ ವರ್ಷದಲ್ಲಿ ಅದು ಮಾಸುತ್ತದೆ. ಕಲೆಯನ್ನೇ ಕಾಪಾಡಬೇಕೆನ್ನುವವರು ಆ ತುಂಡನ್ನು ಎರಡನೇ ಪದರಿಗೆ, ಮೇಲ್ಪದರಿನ ಕೆಳಗೆ ಹಾಕಿಸಬೇಕು. ಕಾಣುವುದಿಲ್ಲ, ಇರುತ್ತದೆ.

ಇನ್ನು ಎಲ್ಲಿ ಏನು. ಯಾವುದೇ ಹಳೆ ಕೌದಿಯನ್ನು ಬಿಚ್ಚಿ ಹಾಸಿ ನೋಡಿದರೆ ಸವೆತದ ನಕ್ಷೆ ಒಂದೇ ಇರುತ್ತದೆ. ಮೊದಲು ಹೋಗುವುದು ಗದ್ದಕ್ಕೆ, ಕುತ್ತಿಗೆಗೆ ತಾಗುವ ತಲೆದೆಸೆಯ ಗೇಣಗಲ. ಎಣ್ಣೆ, ಬೆವರು, ಕೈಯಿಂದ ಎಳೆಯುವ ಎಳೆತ ಎಲ್ಲ ಅಲ್ಲೇ. ಎರಡನೆಯದು ಕಾಲಿನ ಕಡೆ, ಹಿಮ್ಮಡಿಯ ಒಡಕಿಗೆ ಸಿಕ್ಕಿ ನೂಲು ಎದ್ದಿರುತ್ತದೆ. ಮೂರನೆಯದು ಮಡಿಕೆಯ ಗೆರೆ. ನಡುಭಾಗ, ಎದೆಯಿಂದ ಮೊಳಕಾಲಿನವರೆಗಿನದು, ಎಲ್ಲಕ್ಕಿಂತ ಹೆಚ್ಚು ಬಾಳುತ್ತದೆ. ಜನ ಮಾಡುವುದು ಇದಕ್ಕೆ ಉಲ್ಟಾ. ಚಂದ ಕಾಣಲೆಂದು ಲಗ್ನದ ಸೀರೆಯ ಅಂಚನ್ನೇ ತಂದು ಸುತ್ತ ಪಟ್ಟಿ ಕಟ್ಟಿಸುತ್ತಾರೆ, ನಡುವೆ ಯಾವುದೋ ಚಾದರದ ತುಂಡು. ನಾಲ್ಕು ವರ್ಷಕ್ಕೆ ಲಗ್ನ ಹರಿದುಹೋಗಿ ಚಾದರ ಉಳಿದಿರುತ್ತದೆ. ಅಂಚಿಗೆ ಯಾವ ನೆನಪೂ ಇಲ್ಲದ ಗಟ್ಟಿ ಅರಿವೆ ಬೇಕು: ರಬಕವಿ-ಬನಹಟ್ಟಿ ಮಗ್ಗದ ದಪ್ಪ ಹತ್ತಿ ಸೀರೆ, ಹೊಸ ಮಾದರಪಾಟು (ದಪ್ಪ ಹತ್ತಿ ಅರಿವೆ), ಹಳೆ ಜಮಖಾನೆಯ ಗಟ್ಟಿ ಉಳಿದ ಪಟ್ಟಿ. ಹೆಸರಿರುವ ಅರಿವೆಗಳು ನಡುವೆ. ಕುಂಚಿಗಿ, ಮೊದಲ ಸಲ ಶಾಲೆಗೆ ಹೋದ ಅಂಗಿಯ ಜೇಬು, ಅಜ್ಜನ ಪಟಗದ ತುದಿ, ಇಂಥ ಸಣ್ಣವು ನಡುವಿನ ನಡುವೆ.

ತೀರಿಹೋದವರ ಅರಿವೆ ಹಾಕಬಹುದೇ ಎಂಬ ಪ್ರಶ್ನೆ ಪ್ರತಿ ಮನೆಯಲ್ಲೂ ಏಳುತ್ತದೆ. ಕೆಲವರು ಹಾಕುವುದಿಲ್ಲ, ಕೆಲವರಿಗೆ ಅದಕ್ಕಾಗಿಯೇ ಕೌದಿ ಬೇಕು. ಹೊಲಿಯುವವರಲ್ಲೂ ಹಾಗೆಯೇ, ಕೆಲವರು ಮುಟ್ಟಲು ಹಿಂಜರಿಯುತ್ತಾರೆ. ಕೂರುವ ಮುಂಚೆ ಹೇಳಿಬಿಡಿ. ಅರ್ಧ ಹೊಲಿದ ಮೇಲೆ ಗೊತ್ತಾಗಿ ಮನಸ್ಸು ಕೆಡುವುದು ಬೇಡ. ತೊಟ್ಟಿಲ ಕೌದಿಗಂತೂ ಮನೆಯ ಹಿರಿಯರನ್ನು ಕೇಳದೆ ಹಾಕಬೇಡಿ.

ಅಳತೆಗೆ ಬರೋಣ, ಇಲ್ಲಿ ಮೋಸವೂ ಆಗುತ್ತದೆ, ವೃಥಾ ಖರ್ಚೂ ಆಗುತ್ತದೆ. 6 ಗಜದ ಸೀರೆ ಎಂದರೆ 18 ಅಡಿ ಉದ್ದ, 4 ಅಡಿಗೆ ತುಸು ಕಡಿಮೆ ಪನ್ನ (ಅಗಲ). ಒಬ್ಬರ ಕೌದಿಗೆ ಪನ್ನ ಹಾಗೇ ಸಾಕು, ಉದ್ದ 6 ಅಡಿಯಂತೆ ಕತ್ತರಿಸಿದರೆ ಒಂದು ಸೀರೆಯಲ್ಲಿ ಮೂರು ಪದರು. ಸೆರಗು ಬೇರೆ ತೆಗೆದರೆ ಎರಡು ಪದರು, ಜೊತೆಗೆ ಚೌಕಗಳಿಗೆ ಮೂರು ಅಡಿ ಚಿಲ್ಲರೆ ತುಂಡು. ಅಂಚು ಮಡಿಚಿ, ಹೊಲಿಗೆಯ ಎಳೆತಕ್ಕೆ ಎರಡು ಮೂರು ಇಂಚು ಕುಗ್ಗಿ, ಕೊನೆಗೆ ಕೈಗೆ ಬರುವುದು ಸುಮಾರು ಮೂರೂಮುಕ್ಕಾಲು ಅಡಿ ಅಗಲ, ಐದೂಮುಕ್ಕಾಲು ಅಡಿ ಉದ್ದ. ಎತ್ತರದ ಮನುಷ್ಯನಿಗೆ ಕಾಲು ಹೊರಗೆ. ಅಂಥವರಿಗೆ ಏಳು ಅಡಿ ಕತ್ತರಿಸಿ.

ಇಬ್ಬರ ಕೌದಿಗೆ ಎರಡು ಪನ್ನ ಕೂಡಿಸಬೇಕು. ಒಂದು ಪದರಿಗೆ ಆರೂಮುಕ್ಕಾಲು ಅಡಿಯ ಎರಡು ಪಟ್ಟಿ, ಅಂದರೆ 13 ಅಡಿ 6 ಇಂಚು. 9 ಗಜದ ಪತ್ತಲ 27 ಅಡಿ ಇರುವುದರಿಂದ ಸೆರಗು ತೆಗೆಯದಿದ್ದರೆ ಸರಿಯಾಗಿ ಎರಡು ಪದರು. ತೆಗೆದರೆ ಉದ್ದ 6 ಅಡಿಗೆ ಇಳಿಯುತ್ತದೆ. 6 ಗಜದ ಸೀರೆಯಲ್ಲಿ ಒಂದೇ ಪದರು ಸಿಕ್ಕಿ ನಾಲ್ಕೂವರೆ ಅಡಿ ಉಳಿಯುತ್ತದೆ. ಆ ಉಳಿಕೆಯನ್ನು ಲೆಕ್ಕ ಹಾಕಿ ವಾಪಸು ಇಸಿದುಕೊಳ್ಳಿ, ಮುಂದೆ ತ್ಯಾಪಿಗೆ ಅದೇ ಬೇಕಾಗುತ್ತದೆ. ಪಟ್ಟಿ ಕೂಡಿಸುವಲ್ಲಿ ಒಂದು ಸೂಕ್ಷ್ಮವಿದೆ. ಎಲ್ಲ ಪದರಿನ ಜೋಡಣೆಯೂ ಸರಿಯಾಗಿ ನಡುವೆಯೇ ಬಂದರೆ ಬೆನ್ನ ಕೆಳಗೆ ಹಗ್ಗ ಹಾಸಿದ ಹಾಗೆ ಏಣು ಏಳುತ್ತದೆ. ಒಂದು ಪದರಿನ ಜೋಡಣೆ ನಡುವೆ ಬಂದರೆ ಮುಂದಿನದು ಎಡಕ್ಕೆ ಒಂದು ಗೇಣು, ಅದರ ಮುಂದಿನದು ಬಲಕ್ಕೆ ಒಂದು ಗೇಣು ಸರಿಯಬೇಕು. ಕೈ ಪಳಗಿದವರು ಹೇಳದೆಯೇ ಮಾಡುತ್ತಾರೆ. ಮಾಡುತ್ತಾರೋ ಇಲ್ಲವೋ ಎಂದು ನಿಂತು ನೋಡುವುದರಲ್ಲಿ ನಾಚಿಕೆಯೇನಿಲ್ಲ.

ಎಷ್ಟು ಪದರು? ವಿಜಯಪುರ, ಬಾಗಲಕೋಟೆಯ ಬೇಸಗೆಗೆ ಹಾಸಲು ಹೊದೆಯಲು ಮೂರು. ಚಳಿಗೆ ಐದು. ಬೆಳಗಾವಿ, ಖಾನಾಪುರದ ಮಳೆಗಾಲದ ಥಂಡಿಗೆ ಜನ ಆರು ಏಳು ಹಾಕಿಸುತ್ತಾರೆ, ಆದರೆ ಅದು ಒಣಗಬೇಕಾದದ್ದೂ ಅದೇ ಬೆಳಗಾವಿಯ ಮಳೆಗಾಲದಲ್ಲಿ. ಐದು ಪದರಿನದೊಂದು, ಮೂರರದೊಂದು ಹೊಲಿಸಿ ಎರಡನ್ನೂ ಒಂದರ ಮೇಲೊಂದು ಹೊದೆಯುವುದು ಜಾಣತನ.

ಹೊಲಿಗೆಯ ಗುಣಮಟ್ಟ ಅಳೆಯಲು ಟೇಪು ಬೇಡ, ಗೇಣು ಸಾಕು. ಒಂದು ಗೇಣು ಎಂದರೆ ಸುಮಾರು 9 ಇಂಚು. ಗೇಣಿಗೆ 18 ಸಾಲು ಇದ್ದರೆ ಸಾಲುಗಳ ನಡುವೆ ಅರ್ಧ ಇಂಚು. ಇದು ಮೊಮ್ಮಕ್ಕಳ ಕಾಲಕ್ಕೆ ಉಳಿಯುವ ಹೊಲಿಗೆ. 12 ಸಾಲು ನಿತ್ಯದ ಬಳಕೆಗೆ ಓಡುತ್ತದೆ. 9ಕ್ಕಿಂತ ಕಡಿಮೆಯಾದರೆ ಸಾಲುಗಳ ನಡುವೆ ಒಂದು ಇಂಚಿಗೂ ಹೆಚ್ಚು ಜಾಗ, ಹಳೆ ಅರಿವೆಯನ್ನು ಅಷ್ಟು ಸಡಿಲ ಹಿಡಿದರೆ ಒಳಪದರು ಹರಿದು ಮುದ್ದೆಯಾಗುವುದು ಖಂಡಿತ. ಕೂಲಿ ಮಾತಾಡುವಾಗ "ಒಂದು ಕೌದಿಗೆ ಎಷ್ಟು" ಎಂದು ಕೇಳಬೇಡಿ. ಅಗಲ-ಉದ್ದ, ಪದರು, ಗೇಣಿಗೆ ಸಾಲು, ಈ ಮೂರನ್ನು ಹೇಳಿ ಆಮೇಲೆ ದರ ಕೇಳಿ. 18 ಸಾಲಿನ ಕೆಲಸಕ್ಕೆ 12 ಸಾಲಿನ ಕೂಲಿ ಕೊಟ್ಟು ಚೌಕಾಶಿ ಗೆದ್ದೆವೆಂದು ಬೀಗುವವರಿಗೆ 12 ಸಾಲೇ ಸಿಗುತ್ತದೆ. ಅದು ನ್ಯಾಯವೇ.

ಕೆಲಸದ ಪ್ರಮಾಣ ತಿಳಿದರೆ ಕೂಲಿಯ ಬಗ್ಗೆ ಗೊಣಗುವುದೂ ಕಡಿಮೆಯಾಗುತ್ತದೆ. ಆರೂವರೆ ಅಡಿಗೆ ಏಳು ಅಡಿಯ ಇಬ್ಬರ ಕೌದಿಗೆ ಗೇಣಿಗೆ 18ರಂತೆ ಸಾಲು ಹಾಕಿದರೆ ಸಾಲುಗಳ ಒಟ್ಟು ಉದ್ದ ಸಾವಿರ ಅಡಿ ದಾಟುತ್ತದೆ, 330 ಮೀಟರಿನಷ್ಟು. ದಾರ ಮೇಲೆ ಕೆಳಗೆ ಹೋಗಿ ಬರುವುದಕ್ಕೆ, ಗಂಟು ತುದಿಗಳಿಗೆ ಮೂರರಲ್ಲೊಂದು ಪಾಲು ಕೂಡಿಸಿದರೆ 430-440 ಮೀಟರು ದಾರ ಬೇಕು. ಎಳೆ ಜೋಡಿಸಿ ಹೊಲಿದರೆ ಅದರ ಎರಡರಷ್ಟು. ಒಬ್ಬರ ಕೌದಿಗೆ ಇದರ ಅರ್ಧಕ್ಕೆ ತುಸು ಕಡಿಮೆ. ಇಬ್ಬರು ಕೂತರೂ ಇಂಥದ್ದಕ್ಕೆ ಮೂರು ದಿನ ಬೇಕು. "ಒಂದೇ ದಿನಕ್ಕೆ ಮುಗಿಸಿಕೊಡ್ತೀವ್ರಿ" ಎಂದರೆ ಸಾಲು ಅಗಲವಾಗಿ ಬೀಳುತ್ತದೆ ಎಂದೇ ಅರ್ಥ.

ದಾರ ಹತ್ತಿಯದೇ ಇರಲಿ, ಮಷೀನಿನ ಪಾಲಿಯೆಸ್ಟರ್ ರೀಲು ಬೇಡ. ಪಾಲಿಯೆಸ್ಟರ್ ದಾರ ಗಟ್ಟಿ, ಅದೇ ತೊಂದರೆ. ಅರಿವೆಗಿಂತ ದಾರ ಗಟ್ಟಿಯಾದರೆ ಎಳೆತ ಬಿದ್ದಾಗ ದಾರ ಕಡಿಯುವ ಬದಲು ಅರಿವೆಯನ್ನೇ ಕೊಯ್ಯುತ್ತದೆ. ದಾರ ಕಡಿದರೆ ಹತ್ತು ನಿಮಿಷದ ದುರಸ್ತಿ, ಅರಿವೆ ಕೊಯ್ದರೆ ತ್ಯಾಪಿ. ದಾರದ ಬಣ್ಣ ಮೇಲ್ಪದರಿಗೆ ಎದ್ದು ಕಾಣುವಂತಿರಲಿ, ಬಿಳಿಯೋ ಕೆಂಪೋ. ಕಡಿದದ್ದು ತಕ್ಷಣ ಕಣ್ಣಿಗೆ ಬೀಳುತ್ತದೆ.

ಹಾಸುವ ಹಂತದಲ್ಲಿ ನೋಡಬೇಕಾದ್ದು ಇಷ್ಟು. ಪ್ರತಿ ಪದರನ್ನೂ ಇಬ್ಬರು ಎದುರುಬದುರು ಹಿಡಿದು ಝಾಡಿಸಿ ಹಾಸಿ, ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ ಸುಕ್ಕು ತೆಗೆಯಬೇಕು. ನಾಲ್ಕು ಮೂಲೆಗೆ ಕಲ್ಲು ಹೇರಿ, ಗೇಣಿಗೊಂದರಂತೆ ಉದ್ದುದ್ದ ಕಚ್ಚಾ ಟಾಕಿ (ತಾತ್ಕಾಲಿಕ ಹೊಲಿಗೆ) ಹಾಕಬೇಕು, ಅದೂ ನಡುವಿನಿಂದ ಶುರುಮಾಡಿ. ಅಂಚಿನಿಂದ ಶುರುಮಾಡಿದರೆ ಸಡಿಲವೆಲ್ಲ ನಡುವಿಗೆ ದೂಡಿಕೊಂಡು ಬಂದು ಕೊನೆಗೆ ಹೊಟ್ಟೆ ಉಬ್ಬುತ್ತದೆ, ಆ ಉಬ್ಬನ್ನು ಮಡಿಚಿ ಹೊಲಿದು ಮುಚ್ಚುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ಕೌದಿಯ ನಡುವೆ ಇಂಥ ಮಡಿಕೆ ಕಂಡರೆ ಕಚ್ಚಾ ಟಾಕಿ ಹಾಕಿಲ್ಲ ಎಂದು ಕಣ್ಣುಮುಚ್ಚಿ ಹೇಳಬಹುದು. ಕಚ್ಚಾ ಟಾಕಿ ಭದ್ರವಾದ ಮೇಲೆ ಖರೆ ಹೊಲಿಗೆಯನ್ನು ಅಂಚಿನಿಂದ ಸುತ್ತು ಹಾಕುತ್ತ ಒಳಗೆ ಬಂದರೂ ಸರಿ, ಉದ್ದಕ್ಕೆ ಸಾಲು ಹೊಡೆದರೂ ಸರಿ. ಸುತ್ತು ಹೊಲಿಗೆ ಅಂದ, ಮೂಲೆ ತಿರುಗುವಲ್ಲಿ ಕೈ ಪಳಗಿರಬೇಕು ಅಷ್ಟೆ.

ಕೆಲವು ಮನೆಗಳಲ್ಲಿ ಕೊನೆಯ ಬಾಯಿ ಮುಚ್ಚುವ ಮುಂಚೆ ಕೌದಿ ಹಸಿದಿರಬಾರದೆಂದು ಚೂರು ಹೋಳಿಗೆಯನ್ನೋ ರೊಟ್ಟಿಯನ್ನೋ ಒಳಗಿಡಿಸುತ್ತಾರೆ. ಇಡುವವರು ಒಣರೊಟ್ಟಿಯ ಉಗುರಗಲದ ಚೂರು ಇಟ್ಟರೆ ಸಾಕು. ಬೆಲ್ಲದ ಹೂರಣ ಇಟ್ಟರೆ ಇರುವೆ ಹುಡುಕಿಕೊಂಡು ಬರುತ್ತದೆ, ಆಮೇಲೆ ಇಲಿ.

ಕೂಲಿ ಕೊಡುವ ಮುಂಚೆ ಪರೀಕ್ಷೆ: ಕೌದಿಯನ್ನು ಬೆಳಕಿಗೆ ಎತ್ತಿ ಹಿಡಿಯಿರಿ, ತೆಳು ತೇಪೆ ಎಲ್ಲಾದರೂ ಬೆಳಗುತ್ತದೆಯೇ ನೋಡಿ. ಬೆನ್ನು ತಿರುವಿ ನೋಡಿ, ಹಿಂಬದಿಯ ಟಾಕಿಯೂ ಮುಂಬದಿಯಷ್ಟೇ ಉದ್ದ ಇರಬೇಕು. ಹಿಂದೆ ಅಲ್ಲಲ್ಲಿ ಟಾಕಿಯೇ ಇಲ್ಲದಿದ್ದರೆ ಸೂಜಿ ಎಲ್ಲ ಪದರು ದಾಟಿಲ್ಲ. ಗಂಟುಗಳು ಮೇಲೆ ಕಾಣಬಾರದು. ಕೊನೆಗೆ ಅಂಗೈಯನ್ನು ನಿಧಾನ ಇಡೀ ಮೈಮೇಲೆ ಸವರಿ. ಇದು ಅಂದಕ್ಕಲ್ಲ, ಮುರಿದ ಸೂಜಿಯ ತುದಿ ಒಳಗೆ ಉಳಿದಿರಬಹುದು. ಹೊಲಿಯುವಾಗ ಸೂಜಿ ಮುರಿದರೆ ಎರಡೂ ತುಂಡು ತೋರಿಸಬೇಕೆಂದು ಮೊದಲೇ ಹೇಳಿ. ತೊಟ್ಟಿಲ ಕೌದಿಯಾದರೆ ಅಯಸ್ಕಾಂತ ಆಡಿಸಿಯೇ ಒಳಗೆ ತೆಗೆದುಕೊಳ್ಳಿ.

ತೊಟ್ಟಿಲ ಕೌದಿ ಎರಡು ಅಡಿಗೆ ಮೂರು ಅಡಿ, ಮೂರೇ ಪದರು, ತೊಳೆದು ತೊಳೆದು ಬೆಣ್ಣೆಯಾದ ಹತ್ತಿ ಮಾತ್ರ. ಗುಂಡಿ, ಕನ್ನಡಿ, ಉಣ್ಣೆಯ ಗೊಂಡೆ ಯಾವುದೂ ಬೇಡ. ಕೂಸಿನ ಕೆಳಗೆ ಬಿಗಿಯಾಗಿ ಹಾಸಲು ಇದು. ಮುಖದ ಹತ್ತಿರ ಬರುವ ಹಾಗೆ ಹೊದಿಸಿ ಮಲಗಿಸಬಾರದು. ಒಂದರ ಬದಲು ಎರಡು ಹೊಲಿಸಿ, ಯಾಕೆಂದು ಬಾಣಂತನ ಮಾಡಿದವರಿಗೆ ಹೇಳಬೇಕಿಲ್ಲ.

ಟೇಲರ್ ಮಷೀನಿನಲ್ಲಿ ಹೊಲಿಸಬಹುದಲ್ಲ, ಒಂದು ತಾಸಿನ ಕೆಲಸ ಎನ್ನುವವರಿದ್ದಾರೆ. ಹೊಸ ಅರಿವೆಗಾದರೆ ಸರಿ. ಹಳೆಯದಕ್ಕೆ ಮಷೀನು ಶತ್ರು. ಅದು ಒತ್ತೊತ್ತಾಗಿ ತೂತು ಹೊಡೆಯುತ್ತದೆ, ಅಂಚೆಚೀಟಿಯ ಹಾಳೆಗೆ ಹೊಡೆದ ಹಾಗೆ. ಜೀವ ಹೋದ ಸೀರೆ ಆ ಗೆರೆಗುಂಟವೇ ಸೀಳುತ್ತದೆ. ಜೊತೆಗೆ ಮಷೀನಿನ ಹಲ್ಲು ಕೆಳಪದರನ್ನು ಎಳೆಯುತ್ತದೆ, ಮೇಲಿನ ಪಾದ ಮೇಲ್ಪದರನ್ನು ಒತ್ತಿ ಹಿಡಿಯುತ್ತದೆ. ಆರು ಅಡಿ ದೂರ ಹೋಗುವಷ್ಟರಲ್ಲಿ ಮೇಲಿನದು ಎರಡು ಬೆರಳು ಹಿಂದೆ ಬಿದ್ದಿರುತ್ತದೆ. ಅಂಚಿನ ಪಟ್ಟಿಯನ್ನಷ್ಟೇ ಮಷೀನಿಗೆ ಕೊಡಿ, ಮೈಯನ್ನಲ್ಲ.

ಅಂಗಡಿಯ ರೆಡಿಮೇಡ್ ಕೌದಿ ಕಣ್ಣಿಗೆ ಬಹಳ ಚಂದ. ಮೇಲೆ ಹೊಸ ಖಣದ ಚೌಕ, ಒಳಗೆ ಬಹಳ ಸಲ ಪಾಲಿಯೆಸ್ಟರ್ ಅರಳೆಯ ಹಾಳೆ. ಕೈಯಲ್ಲಿ ತೂಗಿದರೇ ತಿಳಿಯುತ್ತದೆ: ದಪ್ಪ ಇದ್ದು ಹಗುರ ಇದ್ದರೆ ಒಳಗೆ ಸೀರೆ ಇಲ್ಲ. ಅದೂ ಬೆಚ್ಚಗಿಡುತ್ತದೆ, ಬೇಗ ಒಣಗುತ್ತದೆ, ಹೋಟೆಲು ಕೋಣೆಗೆ, ದೂರದ ನೆಂಟರ ಉಡುಗೊರೆಗೆ ಸರಿ. ಅದರೊಳಗೆ ಯಾರೂ ಇರುವುದಿಲ್ಲ.

ತೊಳೆಯುವುದೊಂದೇ ಕೈಹೊಲಿಗೆಯ ಕೌದಿಯ ದೊಡ್ಡ ದೋಷ. ಐದು ಪದರಿನದು ನೀರು ಕುಡಿದರೆ ಒಬ್ಬರ ಕೈಗೆ ಏಳುವುದಿಲ್ಲ. ಮನೆಯ ವಾಷಿಂಗ್ ಮಷೀನಿಗೆ ಹಾಕಿದರೆ ತಿರುಗುವಾಗ ಒಂದೇ ಕಡೆ ಭಾರ ಬಿದ್ದು ಡ್ರಮ್ಮು ಕುಣಿಯುತ್ತದೆ, ಟಾಕಿಯೂ ಕಡಿಯುತ್ತದೆ. ಘಟಪ್ರಭೆಯ, ಮಲಪ್ರಭೆಯ ದಂಡೆಗೆ ಒಯ್ದು ಬಂಡೆಗೆ ಬಡಿಯುವ ಪದ್ಧತಿ ಹೊಸ ಕೌದಿಗೆ ಸೈ, ಹಳೆಯದಕ್ಕಲ್ಲ. ದೊಡ್ಡ ಟಬ್ಬಿನಲ್ಲಿ ರಾತ್ರಿ ನೆನೆಸಿ, ಕಾಲಿನಿಂದ ತುಳಿದು, ಹಿಂಡದೆ ಇಳಿಜಾರಿಗೆ ಹಾಕಿ ನೀರು ಬಸಿದು ಹೋಗಲು ಬಿಡಿ. ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೆ ಮಡಿಕೆಯ ಗೆರೆ ಹರಿಯುತ್ತದೆ, ಹೊರಸಿನ (ಮಂಚದ) ಮೇಲೆ ಹರಡಿ ಒಣಗಿಸಿ. ವರ್ಷಕ್ಕೆ ಎರಡು ಸಲ ಸಾಕು, ನಡುವೆ ಬಿಸಿಲಿಗೆ ಹಾಕಿ ಝಾಡಿಸಿದರೆ ಆಯಿತು. ಮಡಿಚಿ ಇಡುವಾಗ ಪ್ರತಿ ಸಲ ಬೇರೆ ಗೆರೆಗೆ ಮಡಿಚಿ.

ಹೊಲಿದು ಮುಗಿದ ದಿನವೇ ಮಾಡಬೇಕಾದ, ಯಾರೂ ಮಾಡದ ಒಂದು ಕೆಲಸವಿದೆ. ಕೌದಿಯನ್ನು ಪೂರ್ತಿ ಹಾಸಿ ಫೋಟೋ ತೆಗೆದು, ಯಾವ ಚೌಕ ಯಾರದು, ಯಾವ ವರ್ಷದ್ದು ಎಂದು ಮನೆಯ ಹಿರಿಯ ಹೆಂಗಸನ್ನು ಕೂರಿಸಿಕೊಂಡು ಬರೆದಿಡುವುದು. ವರ್ಷ ಕೇಳಿದರೆ ಅವರಿಗೆ ನೆನಪಿರುವುದಿಲ್ಲ. ಬೇರೆ ಥರ ಕೇಳಬೇಕು. ಬಾಗಲಕೋಟೆಯಲ್ಲಾದರೆ "ಮುಳುಗಡೆಗಿಂತ ಮುಂಚೆಯೋ ಆಮೇಲೋ" ಎಂದು ಕೇಳಿ. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಮನೆ ಬಿಟ್ಟು ನವನಗರಕ್ಕೆ ಬಂದವರ ಕಾಲಗಣನೆ ಅಲ್ಲಿಂದಲೇ ಶುರು. ವಿಜಯಪುರದ ಕಡೆ "ಜಿಲ್ಲೆ ಒಡೆಯುವ ಮುಂಚೆಯೋ" ಎಂದರೆ ಬಾಗಲಕೋಟೆ ಬೇರೆ ಜಿಲ್ಲೆಯಾದ 1997ರ ಹಿಂದುಮುಂದು ಗೊತ್ತಾಗುತ್ತದೆ. ಯಾವ ಕೂಸು ಹೊಟ್ಟೆಯಲ್ಲಿತ್ತು, ಯಾವ ಮಗಳ ಲಗ್ನಕ್ಕೆ ತಂದದ್ದು, ಸೀರೆ ಯಾವ ಊರಿನ ಸಂತೆಯದು, ಹೀಗೆ ಹಿಡಿದು ಹೋದರೆ ಎರಡು ಮೂರು ವರ್ಷದ ಅಂತರದಲ್ಲಿ ವರ್ಷ ಸಿಗುತ್ತದೆ. ಹಿಂಬದಿಯ ಒಂದು ಮೂಲೆಯಲ್ಲಿ ಹೊಲಿದ ವರ್ಷವನ್ನು ದಾರದಲ್ಲೇ ಬರೆಸಿ. ಅಂಕಿ ಮಾತ್ರ ಸಾಕು. ಇದನ್ನು ಬಿಟ್ಟರೆ ಇಪ್ಪತ್ತು ವರ್ಷದ ಮೇಲೆ ಮನೆಯವರ ಕೈಯಲ್ಲಿ ಉಳಿಯುವುದು ಬಣ್ಣಬಣ್ಣದ ಒಂದು ಹೊದಿಕೆ ಅಷ್ಟೆ.

ಎಂಟು ಹತ್ತು ವರ್ಷಕ್ಕೆ ತಲೆದೆಸೆಯ ಅಂಚು ಹೋದಾಗ ಆ ಗೇಣಗಲ ಪಟ್ಟಿಯನ್ನಷ್ಟೇ ಬದಲಿಸಿ. ಹದಿನೈದು ಇಪ್ಪತ್ತಕ್ಕೆ ಮೇಲ್ಪದರೇ ಅಲ್ಲಲ್ಲಿ ಬಾಯಿಬಿಟ್ಟಾಗ ಬಿಚ್ಚಬೇಡಿ. ಹಳೆ ಕೌದಿಯನ್ನು ಹಾಗೇ ಒಳಪದರಾಗಿ ಇಟ್ಟು, ಮೇಲೊಂದು ಕೆಳಗೊಂದು ಹೊಸ ಸೀರೆ ಹಾಸಿ, ಅದೇ ಹೊಲಿಗೆಯ ಸಾಲುಗಳ ನಡುವೆ ಹೊಸ ಸಾಲು ಹೊಡೆಸಿ. ಮೂರು ಪದರಿನದು ಐದಾಗುತ್ತದೆ, ಸೂಜಿ ಸಲೀಸಾಗಿ ದಾಟುತ್ತದೆ. ಐದರದು ಏಳಾದರೆ ದಪ್ಪ ಸೂಜಿ ಬೇಕು, ಸಾಲು ಗೇಣಿಗೆ 12ಕ್ಕೆ ಇಳಿಯುತ್ತದೆ, ಕೂಲಿ ಹೆಚ್ಚು ಕೇಳುತ್ತಾರೆ, ಕೊಡಿ. ಎರಡನೇ ಸಲವೂ ಹೀಗೆ ಹೊದಿಸಲು ಹೋದರೆ ಒಂಬತ್ತು ಪದರು, ದಬ್ಬಣ ಹಿಡಿಯಬೇಕಾಗುತ್ತದೆ, ದಬ್ಬಣದ ತೂತಿಗೆ ಹಳೆ ಅರಿವೆ ತಡೆಯುವುದಿಲ್ಲ. ಆಗ ನಡುಚೌಕವನ್ನಷ್ಟೇ ನಾಲ್ಕೂ ಕಡೆ ಎರಡು ಬೆರಳು ಬಿಟ್ಟು ಕತ್ತರಿಸಿ ತೆಗೆದು, ಮುಂದಿನ ಕೌದಿಯ ನಡುವಿಗೆ ಎತ್ತಿಡಿ.